ಹಾಡುಗಾರ ಹೋದ ಮೇಲೆ ಹಾಡೆಲ್ಲಿ? ಹುಕ್ಕೇರಿ ಬಾಳಪ್ಪ ಬಿಟ್ಟುಹೋದ ಪ್ರಶ್ನೆ

ಅನಂತಪುರ (ಅಥಣಿ ತಾಲೂಕು): ಗಡಿಭಾಗದಲ್ಲಿ ಜಾನಪದ ಗಾಯನಕ್ಕೆ ಇಂದು ಬೇಡಿಕೆಯ ಕೊರತೆಯಿಲ್ಲ. ರಾಯಬಾಗ ತಾಲೂಕಿನ ನಿಪನಾಳದ ಗಾಯಕ ಮಾಳು ಅವರ ‘ನಾ ಡ್ರೈವರ’ ಗೀತೆಯನ್ನು ಯೂಟ್ಯೂಬ್‌ನಲ್ಲಿ ಕೋಟಿಗಟ್ಟಲೆ ಬಾರಿ ವೀಕ್ಷಿಸಲಾಗಿದೆ. 2025ರಲ್ಲಿ ಅವರು ಬಿಗ್ ಬಾಸ್ ಕನ್ನಡ ಕಾರ್ಯಕ್ರಮದಲ್ಲೂ ಸ್ಪರ್ಧಿಯಾದರು. ಆದರೆ ಧ್ವನಿವರ್ಧಕವೇ ಅಪರೂಪವಾಗಿದ್ದ ಕಾಲದಲ್ಲಿ ಇದೇ ಜಿಲ್ಲೆಯಿಂದ ಹೊರಟು ನಾಡಿಗೆಲ್ಲ ಹಾಡು ಹಂಚಿದ ಹುಕ್ಕೇರಿ ಬಾಳಪ್ಪನವರ ಹೆಸರು ಹೊಸ ತಲೆಮಾರಿಗೆ ಅಪರಿಚಿತವಾಗುತ್ತಿರುವುದು ವಿಷಾದದ ಸಂಗತಿ.

ಹುಕ್ಕೇರಿ ಎಂಬುದು ಅವರ ಅಡ್ಡಹೆಸರು. ಜನಿಸಿದ್ದು 1911ರಲ್ಲಿ, ಸವದತ್ತಿ ಸೀಮೆಯ ಮುರಗೋಡದಲ್ಲಿ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಸಭೆಗಳಿಗೆ ಜನ ಸೇರಬೇಕಾದರೆ ಭಾಷಣಕ್ಕೂ ಮೊದಲು ಹಾಡು ಬೇಕಾಗುತ್ತಿತ್ತು. ಆ ಹಾಡಿಗೆ ಕಂಠವಾದವರಲ್ಲಿ ಬಾಳಪ್ಪ ಪ್ರಮುಖರು. ಓದು ಬಾರದ ರೈತನಿಗೆ ಪತ್ರಿಕೆ ತಲುಪದಿದ್ದರೂ ಪದ ತಲುಪುತ್ತಿತ್ತು. ಮುಂದೆ ಕರ್ನಾಟಕ ಏಕೀಕರಣದ ಆಶಯವನ್ನೂ ಅವರು ಹಾಡಿನ ಮೂಲಕವೇ ಸಾರಿದರು. 1956ರ ನವೆಂಬರ್ 1ರಂದು ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು.

ಕವಿಗೂ ಜನಕ್ಕೂ ಸೇತುವೆ

ಬಾಳಪ್ಪನವರು ಲಾವಣಿ, ಜನಪದ ಗೀತೆಗಳಷ್ಟೇ ಸಲೀಸಾಗಿ ದ.ರಾ.ಬೇಂದ್ರೆ, ಗೋಕಾಕ ತಾಲೂಕಿನ ಬೆಟಗೇರಿಯ ಆನಂದಕಂದರ ಕವಿತೆಗಳನ್ನೂ ಹಾಡಿದರು. ಹಳ್ಳಿಯ ಮಟ್ಟಿನಲ್ಲಿ ಕೇಳಿದಾಗ ಅಚ್ಚಿನ ಕವಿತೆ ಜನರ ಸ್ವಂತ ಪದವಾಗುತ್ತಿತ್ತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಿಂದ ಈ ದನಿ ಇನ್ನೂ ದೂರಕ್ಕೆ ಹಬ್ಬಿತು. ‘ಸಾವಿರ ಹಾಡುಗಳ ಸರದಾರ’ ಎಂದು ಜನರೇ ಅವರನ್ನು ಕರೆದರು. 1992ರಲ್ಲಿ ಅವರು ನಿಧನರಾದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಾಳಪ್ಪನವರು ಹಾಡಿದ ಕವಿತೆಗಳು ಪುಸ್ತಕಗಳಲ್ಲಿ ಭದ್ರವಾಗಿವೆ. ಆದರೆ ಅವರ ಮಟ್ಟು, ಏರಿಳಿತ, ಸಭೆಯನ್ನು ಹಿಡಿದಿಡುವ ರೀತಿ ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಹೆಸರಾಂತ ಗಾಯಕರ ಗತಿಯೇ ಹೀಗಿರುವಾಗ ಅಚ್ಚನ್ನೂ ಧ್ವನಿಮುದ್ರಿಕೆಯನ್ನೂ ಕಾಣದ ಹಳ್ಳಿಯ ಹಾಡುಗಾರರ ಪಾಡೇನು?

ಕೆಲಸ ಹೋಯಿತು, ಪದವೂ ಹೋಯಿತು

ಅಥಣಿ, ರಾಯಬಾಗ, ಚಿಕ್ಕೋಡಿ ಭಾಗದ ಹಾಡುಗಳಲ್ಲಿ ಹಲವು ದುಡಿಮೆಗೆ ಅಂಟಿಕೊಂಡವು. ಕಣದಲ್ಲಿ ಎತ್ತುಗಳ ಹಂತಿ ಕಟ್ಟಿದಾಗ ಹಂತಿ ಪದ, ಬೀಸುವ ಕಲ್ಲಿನ ಮುಂದೆ ಬೀಸುವ ಪದ. ರಾಶಿ ಯಂತ್ರ, ಹಿಟ್ಟಿನ ಗಿರಣಿ ಬಂದ ಮೇಲೆ ಇವುಗಳಿಗೆ ಸಂದರ್ಭವೇ ಇಲ್ಲದಂತಾಯಿತು. ಡೊಳ್ಳಿನ ಹಾಡು, ಚೌಡಕಿ ಪದ, ಹರದೇಶಿ-ನಾಗೇಶಿ ವಾದದ ಗೀಗೀ ಪದಗಳಿಗೆ ಜಾತ್ರೆಗಳ ಆಸರೆ ಉಳಿದಿದೆಯಾದರೂ ಡಿಜೆ ಅಬ್ಬರದೆದುರು ಅವು ಸೊರಗಿವೆ.

ಇದಕ್ಕೆ ಹೊಸ ಗಾಯಕರನ್ನು ದೂರುವುದು ತರವಲ್ಲ. ಬಾಳಪ್ಪನವರು ತಮ್ಮ ಕಾಲದ ವೇದಿಕೆಯನ್ನು ಬಳಸಿದರು, ಇವರು ತಮ್ಮ ಕಾಲದ ಮೊಬೈಲನ್ನು ಬಳಸುತ್ತಿದ್ದಾರೆ. ಮಾರುಕಟ್ಟೆ ಬೇಡದ ಹಾಡನ್ನು ಯಾರು ಉಳಿಸಬೇಕು ಎಂಬುದೇ ಪ್ರಶ್ನೆ. ಹಿರಿಯ ಕಲಾವಿದರಿಗೆ ಸರ್ಕಾರ ಮಾಸಾಶನ ನೀಡುತ್ತಿದೆ. ಅದು ಕಲಾವಿದನ ಹೊಟ್ಟೆಪಾಡಿಗೆ ಒದಗುತ್ತದೆಯೇ ಹೊರತು ಆತನ ನೆನಪಿನಲ್ಲಿರುವ ಪದಗಳನ್ನು ಕಾಯುವುದಿಲ್ಲ.

ರಾಜ್ಯದಲ್ಲಿ ಜಾನಪದ ಅಕಾಡೆಮಿಯಿದೆ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇದೆ. ಇವು ಕೈಜೋಡಿಸಿ ಹೋಬಳಿವಾರು ಹಿರಿಯ ಹಾಡುಗಾರರ ಪಟ್ಟಿ ತಯಾರಿಸಿ, ಅವರ ಊರಿನಲ್ಲಿಯೇ ಧ್ವನಿಮುದ್ರಣ ನಡೆಸಿ, ಪ್ರತಿಯನ್ನು ಗ್ರಾಮದ ಶಾಲೆಗೂ ಒದಗಿಸಬೇಕು. ಮಹಾರಾಷ್ಟ್ರದ ಜತ್ತ ತಾಲೂಕಿನ ಕನ್ನಡ ಹಾಡುಗಾರರನ್ನೂ ಈ ಪಟ್ಟಿಯಿಂದ ಹೊರಗಿಡಬಾರದು. ಗಡಿ ವಿವಾದದ ಕುರಿತು 1967ರ ಮಹಾಜನ ವರದಿಯಿಂದ 2004ರ ಸುಪ್ರೀಂ ಕೋರ್ಟ್ ದಾವೆಯವರೆಗೆ ರಾಶಿರಾಶಿ ಕಾಗದ ಸಿದ್ಧವಾಗಿದೆ. ಗಡಿಯಲ್ಲಿ ಕನ್ನಡ ಬದುಕಿದೆ ಎಂಬುದಕ್ಕೆ ಈ ಪದಗಳಿಗಿಂತ ದೊಡ್ಡ ದಾಖಲೆ ಬೇಕಿಲ್ಲ. ಆದರೆ ಆ ದಾಖಲೆ ಇರುವುದು ಎಪ್ಪತ್ತು ದಾಟಿದವರ ನಾಲಿಗೆಯ ಮೇಲೆ. ತಡಮಾಡಲು ಸಮಯವಿಲ್ಲ.