ರಾಜೀನಾಮೆಗೆ ಮುನ್ನ ಕೇಳಬೇಕಾದ ಪ್ರಶ್ನೆ

ಭಾನುವಾರದ ಅಭಿಷೇಕ, ಪೂಜೆಗಳು ಮುಗಿದು ಬಸದಿಯ ಅಂಗಳದಲ್ಲಿ ನಾಲ್ಕು ಜನ ಕೂಡಿದಾಗ, “ನೌಕರಿ ಬಿಟ್ಟೆ, ಸ್ವಂತ ವ್ಯವಹಾರ ಆರಂಭಿಸುತ್ತಿದ್ದೇನೆ” ಎಂದು ತರುಣನೊಬ್ಬ ಹೇಳುವುದು ಈಗ ಅಪರೂಪದ ಸಂಗತಿಯಲ್ಲ. ಹಿರಿಯರು ಬೆನ್ನು ತಟ್ಟುತ್ತಾರೆ. ಬಂಡವಾಳ ಎಷ್ಟು, ಅಂಗಡಿ ಎಲ್ಲಿ, ಮುಹೂರ್ತ ಯಾವಾಗ ಎಂದು ವಿಚಾರಿಸುತ್ತಾರೆ. “ಏಕೆ ಬಿಟ್ಟೆ?” ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಅಪಶಕುನವೆಂಬ ಭಾವನೆ. ಆದರೆ ವ್ಯವಹಾರ ನೆಲಕಚ್ಚಿದ ದಿನ, ಅದೇ ಅಂಗಳದಲ್ಲಿ ಅದೇ ಜನ ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ. ತಡವಾಗಿ ಕೇಳುವ ಪ್ರಶ್ನೆಯಿಂದ ಯಾರಿಗೂ ಪ್ರಯೋಜನವಿಲ್ಲ. ಆದುದರಿಂದ ಅದನ್ನು ಮೊದಲೇ ಕೇಳುವ ಧೈರ್ಯವನ್ನು ಸಮಾಜ ಬೆಳೆಸಿಕೊಳ್ಳಬೇಕೆಂಬುದು ಈ ಸಂಪಾದಕೀಯದ ಆಶಯ.

ಈ ಪ್ರಶ್ನೆಯನ್ನು ನಾವು ಕೇಳದಿರುವುದಕ್ಕೆ ಒಂದು ತಪ್ಪು ತಿಳಿವಳಿಕೆಯೂ ಕಾರಣ. ಹೊರನಾಡಿನ ನಗರಗಳಲ್ಲಿ ಜೈನನೆಂದರೆ ವ್ಯಾಪಾರಿಯೆಂದೇ ಅರ್ಥ. ಮುಂಬೈಯ ಝವೇರಿ ಬಜಾರನ್ನೂ ಚೆನ್ನೈಯ ಸೌಕಾರ್‌ಪೇಟೆಯನ್ನೂ ಕಂಡವರು ಹಾಗೆ ಭಾವಿಸಿದರೆ ಆಶ್ಚರ್ಯವಿಲ್ಲ. ಸಹೋದ್ಯೋಗಿಗಳು ತಮಾಷೆಗಾಗಿ ಆಡುವ ಆ ಮಾತನ್ನು ನಮ್ಮ ಮಕ್ಕಳು ಕ್ರಮೇಣ ನಂಬತೊಡಗುತ್ತಾರೆ. ವ್ಯಾಪಾರ ನಮ್ಮ ರಕ್ತದಲ್ಲೇ ಇದೆ ಎನ್ನುತ್ತಾರೆ. ವಾಸ್ತವ ಬೇರೆ. ಬೆಳಗಾವಿ, ಧಾರವಾಡ, ಕೊಲ್ಲಾಪುರ, ಸಾಂಗಲಿ ಸೀಮೆಯ ದಿಗಂಬರ ಜೈನರಲ್ಲಿ ಹೆಚ್ಚಿನವರು ನೇಗಿಲು ಹಿಡಿದವರು. ತುಳುನಾಡಿನ ನಮ್ಮ ಬಂಧುಗಳೂ ಬಹುಮಟ್ಟಿಗೆ ಭೂಮಿಯನ್ನೇ ನಂಬಿ ಬಾಳಿದವರು. ಮಾರವಾಡಿ ಅಥವಾ ಗುಜರಾತಿ ಜೈನ ತರುಣನೊಬ್ಬ ಅಂಗಡಿ ತೆರೆದಾಗ ಅವನ ಬೆನ್ನಿಗೆ ತಲೆಮಾರುಗಳ ಪತ್ತು, ಸೋದರಮಾವನ ಗದ್ದಿಯಲ್ಲಿ ಕುಳಿತು ಕಲಿತ ಲೆಕ್ಕ, ಕಷ್ಟಕ್ಕೆ ಕೈಗಡ ಕೊಡುವ ಬಂಧುವರ್ಗ ಇರುವುದುಂಟು. ನಮ್ಮವನ ಬೆನ್ನಿಗಿರುವುದು ತಂದೆಯ ಪಿಂಚಣಿ, ಊರಿನಲ್ಲಿ ಪಾಲಾಗದೆ ಉಳಿದ ಒಂದೆರಡು ಎಕರೆ, ತಾಯಿಯ ಬಂಗಾರ. ಇಬ್ಬರೂ ಒಂದೇ ಧರ್ಮದವರಾದ ಮಾತ್ರಕ್ಕೆ ಇಬ್ಬರ ಸಾಹಸವೂ ಒಂದೇ ತೂಕದ್ದಾಗದು.

ನೌಕರಿಯನ್ನು ಕೀಳೆಂದು ಕಾಣುವವರು ನಮ್ಮ ಇತಿಹಾಸವನ್ನೂ ಮರೆತಿದ್ದಾರೆ. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಹಿರಿಯರು ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ವಿದ್ಯಾಪ್ರಸಾರವೂ ಬೋರ್ಡಿಂಗುಗಳ ಸ್ಥಾಪನೆಯೂ ಮುಖ್ಯವಾದವು. ಮುಂಬೈಯ ರತ್ನವ್ಯಾಪಾರಿ ಸೇಠ್ ಮಾಣಿಕಚಂದ ಹೀರಾಚಂದರು ವಿದ್ಯಾರ್ಥಿಗಳ ವಸತಿಗಾಗಿ ಉದಾರವಾಗಿ ದಾನವಿತ್ತರು. ವ್ಯಾಪಾರಿಯ ಹಣ ರೈತನ ಮಗನನ್ನು ಓದಿಸಿ ಕಚೇರಿಯ ಕುರ್ಚಿಗೆ ತಂದಿತು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಪದವಿ ಪಡೆದದ್ದು, ಊರಿನ ಸಾಲ ತೀರಿದ್ದು, ನಗರದಲ್ಲಿ ಎರಡು ಕೋಣೆಯ ಮನೆಯಾದದ್ದು ತಿಂಗಳ ಸಂಬಳದಿಂದಲೇ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ವೃಷಭನಾಥ ತೀರ್ಥಂಕರರು ಪ್ರಜೆಗಳಿಗೆ ಬೋಧಿಸಿದ ಜೀವನೋಪಾಯಗಳು ಆರು: ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಮಸಿಯೆಂದರೆ ಬರವಣಿಗೆಯ ಕಾಯಕ. ಬ್ಯಾಂಕಿನ ಗುಮಾಸ್ತನೂ ಕಂಪನಿಯ ಲೆಕ್ಕಿಗನೂ ಆ ಸಾಲಿನಲ್ಲಿ ವ್ಯಾಪಾರಿಯ ಪಕ್ಕದಲ್ಲೇ ನಿಂತಿದ್ದಾರೆ.

ಇಷ್ಟು ಹೇಳಿದ್ದು ಉದ್ಯಮವನ್ನು ಹಳಿಯಲೆಂದಲ್ಲ. ನೌಕರಿ ಬಿಟ್ಟು ಹೊರಟವರಿಂದ ನಾಡಿಗೆ ಆದ ಉಪಕಾರ ದೊಡ್ಡದು. ಬೆಳಗಾವಿ ಸೀಮೆಯ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದಾಹರಣೆಯನ್ನೇ ನೋಡೋಣ. ಅವರು ಮುಂಬೈಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದರು. ತಮಗೆ ಸಲ್ಲಬೇಕಾದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾದಾಗ ಕೆಲಸ ಬಿಟ್ಟು ಬೆಳಗಾವಿಗೆ ಮರಳಿದರು. ಅವಮಾನದಿಂದ ಹೊರಟವರು ಗೆದ್ದರೆಂದು ನಾವು ಈ ಕಥೆಯನ್ನು ಹೇಳಿಕೊಳ್ಳುತ್ತೇವೆ. ಆದರೆ ಕಥೆ ಅಷ್ಟೇ ಅಲ್ಲ. ಅವರು ಬೆಳಗಾವಿಗೆ ಬರುವ ಮೊದಲೇ ಅಲ್ಲಿ ಅವರ ಕುಟುಂಬದ ಸೈಕಲ್ ವ್ಯಾಪಾರ ನಡೆದಿತ್ತು. ಮುಂಬೈಯಿಂದ ಇವರು ಕಳಿಸಿದ ಸೈಕಲ್ಲುಗಳನ್ನು ಅಣ್ಣ ಮಾರುತ್ತಿದ್ದರು. ಯಂತ್ರಗಳ ಜ್ಞಾನ ಕೈಯಲ್ಲಿತ್ತು. ಮುಂದೆ ಕಬ್ಬಿಣದ ನೇಗಿಲು ತಯಾರಿಸಿದಾಗ, ಕಬ್ಬಿಣ ತಗುಲಿದರೆ ಮಣ್ಣು ವಿಷವಾಗುತ್ತದೆಂದು ರೈತರು ಹಿಂಜರಿದರು. ಮೊದಲ ನೇಗಿಲು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು. 1910ರಲ್ಲಿ ಬೆಳಗಾವಿಯ ಜಾಗವನ್ನೂ ಬಿಟ್ಟು, ಔಂಧ್ ಸಂಸ್ಥಾನದ ನೆರವಿನಿಂದ ಇಂದಿನ ಕಿರ್ಲೋಸ್ಕರವಾಡಿಗೆ ಕಾರ್ಖಾನೆಯನ್ನು ಸಾಗಿಸಬೇಕಾಯಿತು. ಅವಮಾನ ಅವರನ್ನು ಕಚೇರಿಯ ಬಾಗಿಲಿನಿಂದ ಆಚೆ ತಂದಿತು, ನಿಜ. ಆದರೆ ಕೊಳ್ಳುವವರಿಲ್ಲದ ನೇಗಿಲಿನ ಮುಂದೆ ಎರಡು ವರ್ಷ ಅವರನ್ನು ಕೂರಿಸಿದ್ದು ಅವಮಾನವಲ್ಲ; ಆ ನೇಗಿಲು ರೈತನಿಗೆ ಬೇಕಾದದ್ದೆಂಬ ನಂಬಿಕೆ. ಹೊರಡಿಸುವ ಕಾರಣ ಬೇರೆ, ನಿಲ್ಲಿಸುವ ಕಾರಣ ಬೇರೆ. ಮೊದಲನೆಯದು ಮಾತ್ರ ಇದ್ದವರು ಬಹುಬೇಗ ದಣಿಯುತ್ತಾರೆ.

ನಮ್ಮ ಶಾಸ್ತ್ರಗಳು ಮನಸ್ಸನ್ನು ಕಲುಷಿತಗೊಳಿಸುವ ನಾಲ್ಕು ಕಷಾಯಗಳನ್ನು ಹೆಸರಿಸಿವೆ: ಕ್ರೋಧ, ಮಾನ, ಮಾಯೆ, ಲೋಭ. ಪ್ರವಚನದಲ್ಲಿ ಇವುಗಳನ್ನು ಕೇಳಿ ತಲೆಯಾಡಿಸುವ ನಾವು ರಾಜೀನಾಮೆ ಪತ್ರ ಬರೆಯುವಾಗ ಇವುಗಳನ್ನು ನೆನೆಯುವುದಿಲ್ಲ. ಮೇಲಧಿಕಾರಿಯ ಮೇಲಿನ ಸಿಟ್ಟಿನಿಂದ ಬಿಡುವವರಿದ್ದಾರೆ. ಅವರಿಗೆ ಬೇಕಾಗಿರುವುದು ಬಹುಶಃ ಬೇರೊಂದು ನೌಕರಿ. ಸಿಕ್ಕುವುದು ಹತ್ತು ಜನ ಮೇಲಧಿಕಾರಿಗಳು, ಏಕೆಂದರೆ ವ್ಯಾಪಾರದಲ್ಲಿ ಪ್ರತಿ ಗಿರಾಕಿಯೂ ಮೇಲಧಿಕಾರಿಯೇ. “ಮಾಲೀಕ” ಎನಿಸಿಕೊಳ್ಳುವ ಆಸೆಯಿಂದ ಬಿಡುವವರಿದ್ದಾರೆ. ಗೆಳೆಯ ಎರಡು ವರ್ಷದಲ್ಲಿ ಕಾರು ಕೊಂಡನೆಂಬ ಲೆಕ್ಕದಿಂದ ಬಿಡುವವರಿದ್ದಾರೆ. ಎಲ್ಲಕ್ಕಿಂತ ಅಪಾಯಕಾರಿಯಾದುದು ಮಾಯೆ, ಅಂದರೆ ವಂಚನೆ. ಆತ ಮೊದಲು ತನ್ನನ್ನು ವಂಚಿಸಿಕೊಳ್ಳುತ್ತಾನೆ, ಬಳಿಕ ಮನೆಯವರನ್ನು. ಕೆಲಸ ಬಿಟ್ಟ ವಿಷಯವನ್ನು ಹೆಂಡತಿಗೆ ತಿಂಗಳುಗಟ್ಟಲೆ ಹೇಳದೆ, ಬೆಳಗ್ಗೆ ಡಬ್ಬಿ ಹಿಡಿದು ಹೊರಡುವ ಗಂಡಂದಿರು ಕಥೆಗಳಲ್ಲಿ ಮಾತ್ರ ಇಲ್ಲ.

ಇವೆಲ್ಲ ವೈಯಕ್ತಿಕ ದೌರ್ಬಲ್ಯಗಳೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಈ ‘ಮಾನ’ವನ್ನು ಬಿತ್ತಿ ಬೆಳೆಸುತ್ತಿರುವವರು ನಾವೇ ಎಂಬುದನ್ನು ಒಪ್ಪಿಕೊಳ್ಳಬೇಕು. ಪಂಚಕಲ್ಯಾಣ ಮಹೋತ್ಸವದಲ್ಲಿ ಇಂದ್ರ–ಇಂದ್ರಾಣಿಯರ ಸ್ಥಾನಕ್ಕೆ ಸವಾಲು ಕೂಗುತ್ತೇವೆ. ಹೆಚ್ಚು ಕೂಗಿದವನಿಗೆ ಕಿರೀಟ, ವೇದಿಕೆ, ಹಾರ. ಆ ಹಣ ಯಾವ ಬಗೆಯಲ್ಲಿ ಬಂತೆಂದು ಯಾರೂ ಕೇಳುವುದಿಲ್ಲ. ಮೂವತ್ತು ವರ್ಷ ಪ್ರಾಮಾಣಿಕವಾಗಿ ದುಡಿದು, ಪ್ರತಿವರ್ಷ ತಪ್ಪದೆ ತನ್ನ ಕೈಲಾದುದನ್ನು ಕೊಟ್ಟ ಗುಮಾಸ್ತ ಹಿಂದಿನ ಜಮಖಾನೆಯ ಮೇಲೆ ಕುಳಿತಿರುತ್ತಾನೆ. ಅವನ ಮಗ ಅದನ್ನೆಲ್ಲ ನೋಡುತ್ತಾನೆ. ಆ ಮಗ ಮುಂದೆ ಒಳ್ಳೆಯ ನೌಕರಿಯನ್ನು ಬಿಟ್ಟು ತನಗೆ ಅರಿವಿಲ್ಲದ ವ್ಯಾಪಾರಕ್ಕೆ ಇಳಿದರೆ, ಅವನ ರಾಜೀನಾಮೆ ಪತ್ರದ ಅರ್ಧವನ್ನು ನಮ್ಮ ವೇದಿಕೆಯೇ ಬರೆದಿರುತ್ತದೆ.

ಸರಕಾರದ ಮಾತೂ ಇದಕ್ಕೆ ಹೊರತಲ್ಲ. 2015ರಲ್ಲಿ ಮುದ್ರಾ ಯೋಜನೆ, 2016ರ ಜನವರಿಯಲ್ಲಿ ಸ್ಟಾರ್ಟಪ್ ಇಂಡಿಯಾ ಬಂದವು. ಅಡಮಾನವಿಲ್ಲದೆ ಸಣ್ಣವರಿಗೆ ಸಾಲ ಸಿಗುವುದು ಸ್ವಾಗತಾರ್ಹವೇ. ಆದರೆ ಕೆಲಸ ಕೇಳಬೇಡಿ, ಕೆಲಸ ಕೊಡುವವರಾಗಿ ಎಂಬ ಉಪದೇಶ, ಕೆಲಸ ಸೃಷ್ಟಿಸುವ ತನ್ನ ಹೊಣೆಯನ್ನು ಪ್ರಭುತ್ವ ತರುಣರ ಹೆಗಲಿಗೆ ದಾಟಿಸುವ ಉಪಾಯವಾಗಬಾರದು. ನಲವತ್ತೈದು ದಾಟಿದ ಮೇಲೆ ಕಂಪನಿಯವರು ಕರೆದು ಬರೆಸಿಕೊಂಡ ರಾಜೀನಾಮೆಯನ್ನೂ, ಕೂಸನ್ನು ನೋಡಿಕೊಳ್ಳುವವರಿಲ್ಲದೆ ತಾಯಿಯೊಬ್ಬಳು ಬಿಟ್ಟ ಕೆಲಸವನ್ನೂ ಉದ್ಯಮಶೀಲತೆಯೆಂದು ಹೊಗಳುವುದು ಕ್ರೂರ ಹಾಸ್ಯ. ಅವರು ಹಪ್ಪಳ, ಚಟ್ನಿಪುಡಿ ಮಾರುವುದು ಬದುಕುವ ಅನಿವಾರ್ಯದಿಂದ. ಅವರಿಗೆ ಬೇಕಾದುದು ಕೊಳ್ಳುವವರು ಮತ್ತು ಹೊತ್ತಿಗೆ ಸರಿಯಾದ ಹಣ.

ಇನ್ನು ಮನೆಯ ಲೆಕ್ಕ. ನೌಕರಿ ಬಿಟ್ಟೊಡನೆ ನಿಲ್ಲುವುದು ಸಂಬಳವೊಂದೇ ಅಲ್ಲ. ಭವಿಷ್ಯ ನಿಧಿಗೆ ಜೋಡಿಸಿದ ಪಿಂಚಣಿ ಯೋಜನೆಯಲ್ಲಿ ಮಾಸಿಕ ಪಿಂಚಣಿ ಪಡೆಯಲು ಕನಿಷ್ಠ 10 ವರ್ಷಗಳ ಸೇವೆ ಬೇಕು. ಎಂಟೋ ಒಂಬತ್ತೋ ವರ್ಷಕ್ಕೆ ಬಿಟ್ಟವರು ಇದನ್ನು ಗಮನಿಸಿರುವುದಿಲ್ಲ. ಕಂಪನಿ ಕೊಟ್ಟ ಆರೋಗ್ಯ ವಿಮೆ ಸಾಮಾನ್ಯವಾಗಿ ಸೇವೆಯೊಂದಿಗೇ ಕೊನೆಯಾಗುತ್ತದೆ. ಸ್ವಂತ ಹೆಸರಿನಲ್ಲಿ ನಡೆಸುವ ಏಕವ್ಯಕ್ತಿ ಸಂಸ್ಥೆಯಲ್ಲಿ ವ್ಯಾಪಾರದ ಸಾಲಕ್ಕೂ ವ್ಯಕ್ತಿಯ ಸ್ವಂತ ಆಸ್ತಿಗೂ ನಡುವೆ ಕಾನೂನಿನ ಗೋಡೆಯಿಲ್ಲ. ಸರಕು ಕೊಂಡ ದೊಡ್ಡ ಕಂಪನಿ ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕೆಂದು 2006ರ ಕಾಯಿದೆ ಹೇಳುತ್ತದೆ. ಆದರೆ ಮುಂದಿನ ಆರ್ಡರು ತಪ್ಪೀತೆಂಬ ಭಯದಿಂದ ದೂರು ಕೊಡುವವರು ಕಡಿಮೆ. ಗಿರಾಕಿ ಹಣ ಕೊಡದಿದ್ದರೂ ಬಿಲ್ಲಿನ ಮೇಲಿನ ಜಿಎಸ್‌ಟಿಯನ್ನು ಕಟ್ಟಲೇಬೇಕು. ಈ ನಡುವಿನ ತಿಂಗಳುಗಳನ್ನು ದಾಟಿಸುವುದು ಹೆಚ್ಚಾಗಿ ಹೆಂಡತಿಯ ಬಳೆ, ತಾಯಿಯ ಸರ. ಹಾಗಿದ್ದ ಮೇಲೆ ನಿರ್ಧಾರದಲ್ಲಿ ಅವರ ಮಾತಿಗೂ ಸಮಪಾಲು ಇರಬೇಡವೇ? ಬಂಗಾರ ಕೊಡುವಾಗ ಆಕೆ ಗೃಹಲಕ್ಷ್ಮಿ, ಲೆಕ್ಕ ಕೇಳಿದಾಗ ವ್ಯವಹಾರ ತಿಳಿಯದವಳು ಎಂಬ ರೂಢಿ ಇನ್ನಾದರೂ ಕೊನೆಗೊಳ್ಳಬೇಕು.

ಹಾಗಾದರೆ ನೌಕರಿ ಬಿಡಲು ಸರಿಯಾದ ಕಾರಣಗಳೇ ಇಲ್ಲವೇ? ಇವೆ. ತಾನು ಚೆನ್ನಾಗಿ ಬಲ್ಲ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಬಲ್ಲೆ, ಅದಕ್ಕೆ ಇಲ್ಲಿ ಅವಕಾಶವಿಲ್ಲ ಎಂಬುದು ಒಂದು. ಜನರಿಗೆ ಬೇಕಾದ ವಸ್ತುವೊಂದು ಸಿಗುತ್ತಿಲ್ಲ, ಅದನ್ನು ಒದಗಿಸಬಲ್ಲೆ ಎಂಬುದು ಇನ್ನೊಂದು. ಮೂರನೆಯದು ಶ್ರಾವಕನಿಗೆ ವಿಶೇಷವಾಗಿ ಸಲ್ಲುವಂಥದು: ಮುದುಕರಿಗೆ ಅರ್ಥವಾಗದ ಪಾಲಿಸಿಯನ್ನು ಕಟ್ಟುವ ಗುರಿ, ಹಿಂಸೆಯಿಂದ ಲಾಭ ಪಡೆಯುವ ವ್ಯವಹಾರ, ಸುಳ್ಳು ಲೆಕ್ಕಕ್ಕೆ ಸಹಿ — ಇಂಥ ಕೆಲಸ ಮಾಡಲಾರೆನೆಂದು ಹೊರಬರುವುದು. ಆದರೆ ಹಾಗೆ ಹೊರಬಂದವನ ಅಂಗಡಿಯಲ್ಲಿ ಅದೇ ಪಾಪ ಮರುಕಳಿಸಬಾರದು. ತತ್ತ್ವಾರ್ಥಸೂತ್ರ ಅಚೌರ್ಯವ್ರತದ ಅತಿಚಾರಗಳಾಗಿ ಐದನ್ನು ಹೇಳುತ್ತದೆ: ಕಳವಿಗೆ ಪ್ರೇರಣೆ ಕೊಡುವುದು, ಕಳವಿನ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರಿ ವ್ಯವಹರಿಸುವುದು, ತೂಕ ಅಳತೆಗಳಲ್ಲಿ ಮೋಸ, ಕಲಬೆರಕೆ. ಬಿಲ್ಲಿಲ್ಲದ ಮಾರಾಟ ಮೂರನೆಯದರ ಇಂದಿನ ರೂಪವಲ್ಲದೆ ಮತ್ತೇನು? ಇದರೊಡನೆ ಪರಿಗ್ರಹ ಪರಿಮಾಣವನ್ನೂ ಮೊದಲೇ ಮಾಡಿಕೊಳ್ಳಬೇಕು. ಎಷ್ಟು ಬಂದರೆ ಸಾಕು, ಎಷ್ಟು ಹೋದರೆ ನಿಲ್ಲಿಸಬೇಕು — ಈ ಎರಡು ಮಿತಿಗಳನ್ನು ಕಾಗದದಲ್ಲಿ ಬರೆದಿಟ್ಟವನೇ ಹೊರಡಲು ಅರ್ಹ.

ಸೋತವನಿಗೆ ಮರಳುವ ದಾರಿಯೂ ಇರಬೇಕು. ನಾರಾಯಣಮೂರ್ತಿಯವರು ಇನ್ಫೋಸಿಸ್‌ಗಿಂತ ಮೊದಲು ಆರಂಭಿಸಿದ ಸಾಫ್ಟ್ರಾನಿಕ್ಸ್ ಎಂಬ ಸಂಸ್ಥೆ ಸುಮಾರು ಒಂದೂವರೆ ವರ್ಷದಲ್ಲಿ ವಿಫಲವಾಯಿತು. ಅವರು ಮತ್ತೆ ನೌಕರಿಗೆ ಸೇರಿದರು. ಅಲ್ಲಿಂದ ಹೊರಬಂದು 1981ರಲ್ಲಿ ಆರು ಜನ ಸಹೋದ್ಯೋಗಿಗಳೊಡನೆ ಪುಣೆಯಲ್ಲಿ ಇನ್ಫೋಸಿಸ್ ಕಟ್ಟಿದಾಗ ಕೈಗೆ ಬಂದ 10,000 ರೂಪಾಯಿ ಪತ್ನಿ ಸುಧಾ ಮೂರ್ತಿಯವರ ಉಳಿತಾಯದ್ದು. ನಾವು ಆ ಹತ್ತು ಸಾವಿರದ ಕಥೆಯನ್ನು ಹೇಳುತ್ತೇವೆ. ನಡುವಿನ ನೌಕರಿಯ ಕಥೆಯನ್ನು ಬಿಟ್ಟುಬಿಡುತ್ತೇವೆ. ನಮ್ಮ ಬಸದಿಯ ಅಂಗಳದಲ್ಲಾದರೋ, ಅಂಗಡಿ ಮುಚ್ಚಿ ಮತ್ತೆ ನೌಕರಿಗೆ ಹೋದವನು ಭಾನುವಾರದ ಪೂಜೆಗೆ ಬರುವುದನ್ನೇ ಬಿಡುತ್ತಾನೆ.

ಆದುದರಿಂದ ಹೊರನಾಡಿನ ನಮ್ಮ ಸಂಘಗಳ ಮುಂದೆ ಮೂರು ಸಲಹೆಗಳನ್ನು ಇಡುತ್ತೇವೆ. ಪ್ರತಿ ನಗರದಲ್ಲಿಯೂ ಬ್ಯಾಂಕು, ಲೆಕ್ಕಪರಿಶೋಧನೆ, ಕಾನೂನು ಕ್ಷೇತ್ರಗಳಿಂದ ನಿವೃತ್ತರಾದ ಹಿರಿಯರು ನಮ್ಮಲ್ಲಿದ್ದಾರೆ. ನೌಕರಿ ಬಿಡಲೆಣಿಸುವವರು ಮನೆಯವರೊಡನೆ ಬಂದು ತಮ್ಮ ಯೋಜನೆಯನ್ನು ಅವರ ಮುಂದಿಡುವಂಥ ಒಂದು ಸಣ್ಣ ಸಮಿತಿಯಿರಲಿ, ಮೊದಲ ಪ್ರಶ್ನೆ “ಏಕೆ?” ಎಂಬುದಾಗಿರಲಿ. ಸವಾಲಿನಿಂದ ಬಂದ ಹಣದಲ್ಲಿ ಒಂದು ಪಾಲನ್ನು ಮುಂಚಿತವಾಗಿಯೇ ಘೋಷಿಸಿ, ವ್ಯವಹಾರ ಮುಳುಗಿದ ಮನೆಯ ಮಕ್ಕಳ ಒಂದು ವರ್ಷದ ಶಾಲಾಶುಲ್ಕಕ್ಕೆ ಮೀಸಲಿಡಲಿ. ಕೊನೆಯದಾಗಿ, ವಾರ್ಷಿಕ ಸಭೆಯ ವೇದಿಕೆಯ ಮೇಲೆ, ಸಾಲಗಾರರಿಗೆ ಬಿಡಿಗಾಸು ಉಳಿಸದೆ ತೀರಿಸಿ ಅಂಗಡಿ ಮುಚ್ಚಿದವನಿಗೂ ಒಂದು ಹಾರವಿರಲಿ. ಮರುದಿನ ಆತ ನೌಕರಿಗೆ ಹೋಗುತ್ತಿದ್ದರೂ ಸರಿಯೆ.