ಔಷಧ ನೀತಿ: ಢಾಕಾದ ಅನುಭವ

1982ರ ಜೂನ್‌ನಲ್ಲಿ ಬಾಂಗ್ಲಾದೇಶ ಹೊರಡಿಸಿದ ಔಷಧ ನಿಯಂತ್ರಣ ಸುಗ್ರೀವಾಜ್ಞೆ 1,700ರಷ್ಟು ಔಷಧಗಳನ್ನು ನಿರುಪಯುಕ್ತ ಅಥವಾ ಹಾನಿಕರ ಎಂದು ಗುರುತಿಸಿ, ಮಾರುಕಟ್ಟೆಯಿಂದ ತೆಗೆಯಲು ಮುಂದಾಯಿತು. ಅದಕ್ಕೂ ಮೊದಲು ಅಲ್ಲಿನ ಔಷಧ ತಯಾರಿಕೆಯ ಬಹುಪಾಲು ಎಂಟು ಬಹುರಾಷ್ಟ್ರೀಯ ಕಂಪನಿಗಳ ಕೈಯಲ್ಲಿತ್ತು. ಬಡವರ ದುಡ್ಡು ಟಾನಿಕ್, ಕೆಮ್ಮಿನ ಸಿರಪ್, ವಿಟಮಿನ್ ಮಿಶ್ರಣಗಳಿಗೆ ಹರಿದುಹೋಗುತ್ತಿತ್ತು. ಜೀವ ಉಳಿಸುವ ಔಷಧಗಳು ಎಟುಕುತ್ತಿರಲಿಲ್ಲ. ಪ್ರೊ. ನೂರುಲ್ ಇಸ್ಲಾಂ ನೇತೃತ್ವದ ತಜ್ಞರ ಸಮಿತಿ, ವಿಶ್ವ ಆರೋಗ್ಯ ಸಂಸ್ಥೆಯ 1977ರ ಪಟ್ಟಿಯ ಜಾಡಿನಲ್ಲಿ, 150 ಅಗತ್ಯ ಔಷಧಗಳನ್ನು ಆರಿಸಿತು. ಆಂಟಾಸಿಡ್, ವಿಟಮಿನ್‌ಗಳಂಥ ಸರಳ ತಯಾರಿಕೆ ದೇಶೀಯ ಕಂಪನಿಗಳಿಗೇ ಮೀಸಲಾಯಿತು.

ವಿರೋಧ ತಡವಾಗಲಿಲ್ಲ. ಅಮೆರಿಕದ ರಾಯಭಾರಿಯೇ ಸೇನಾಡಳಿತಗಾರ ಎರ್ಷಾದ್ ಅವರನ್ನು ಕಂಡು, ನೀತಿಯ ಜಾರಿ ತಡೆಯಲು ಒತ್ತಡ ಹೇರಿದರು. ದೇಶದ ವೈದ್ಯರ ಸಂಘವೂ ಎದುರು ನಿಂತಿತು. ಸಮಿತಿಯ ಸದಸ್ಯ ಡಾ. ಜಫ್ರುಲ್ಲಾ ಚೌಧರಿ ಮತ್ತು ಅವರು ಕಟ್ಟಿದ ಗಣಸ್ವಾಸ್ಥ್ಯ ಕೇಂದ್ರ ಅಪಪ್ರಚಾರಕ್ಕೆ ಗುರಿಯಾದವು. ಕೆಲವು ಔಷಧಗಳಿಗೆ ರಿಯಾಯಿತಿ ಸಿಕ್ಕಿತು, ಗಡುವು ಸಡಿಲಗೊಂಡಿತು. ನೀತಿ ಮಾತ್ರ ಉಳಿಯಿತು. ಇಂಥ ಜನಪರ ಕೆಲಸ ಚುನಾಯಿತ ಸರ್ಕಾರದಿಂದಲ್ಲ, ಸೇನಾಡಳಿತದಿಂದ ಆಯಿತೆಂಬುದು ಕಸಿವಿಸಿಯ ಸಂಗತಿ. ಅದರಿಂದ ನೀತಿಯ ಮೌಲ್ಯವೇನೂ ಕುಗ್ಗದು.

ಇಂದು ಆ ದೇಶ ತನಗೆ ಬೇಕಾದ ಔಷಧಗಳಲ್ಲಿ ಶೇ 95ಕ್ಕೂ ಹೆಚ್ಚನ್ನು ತಾನೇ ತಯಾರಿಸುತ್ತದೆ. ಸೊರಗಿರುವುದು ಬೆಲೆ ನಿಯಂತ್ರಣ: 1994ರಲ್ಲಿ ಅದನ್ನು 117 ಔಷಧಗಳಿಗೆ ಸೀಮಿತಗೊಳಿಸಲಾಯಿತು; ಉಳಿದವುಗಳ ಬೆಲೆ ಕಂಪನಿಗಳ ಇಷ್ಟಕ್ಕೆ ಬಿಟ್ಟಂತಾಯಿತು. ಅತಿ ಹಿಂದುಳಿದ ದೇಶಗಳಿಗೆ ವಿಶ್ವ ವ್ಯಾಪಾರ ಸಂಸ್ಥೆ ಔಷಧ ಪೇಟೆಂಟ್‌ನಲ್ಲಿ 2033ರವರೆಗೆ ನೀಡಿರುವ ವಿನಾಯಿತಿಯೂ, ಬಾಂಗ್ಲಾದೇಶ ಆ ಪಟ್ಟಿಯಿಂದ ಹೊರಬಂದೊಡನೆ ಅದರ ಕೈತಪ್ಪುತ್ತದೆ.