ಗರ್ಭಿಣಿಯ ತೂಕ: ಹೊಣೆ ಯಾರದು?

ಮನೆಯ ಸೊಸೆ ಗರ್ಭಿಣಿಯೆಂಬ ಸುದ್ದಿ ತಿಳಿದೊಡನೆ ಎರಡು ಬಗೆಯ ಉಪದೇಶಗಳು ಆರಂಭವಾಗುತ್ತವೆ. “ಇನ್ನು ಇಬ್ಬರ ಊಟ ಉಣ್ಣಬೇಕು” ಎನ್ನುವವರು ಕೆಲವರು. “ಹೆಚ್ಚು ತಿಂದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾದೀತು” ಎಂದು ಎಚ್ಚರಿಸುವವರು ಇನ್ನು ಕೆಲವರು. ಇವೆರಡರ ನಡುವೆ ಸಿಲುಕಿದ ಆಕೆ ತಿಂಗಳ ತಪಾಸಣೆಗೆ ಹೋದಾಗ ತೂಕದ ಯಂತ್ರದ ಮೇಲೆ ನಿಂತು ಗದರಿಕೆಯನ್ನೂ ಕೇಳಬೇಕಾಗುತ್ತದೆ. ತೂಕ ಏರದಿದ್ದರೂ ತಪ್ಪು ಅವಳದೇ, ಮಿತಿಮೀರಿ ಏರಿದರೂ ತಪ್ಪು ಅವಳದೇ. ಈ ಧೋರಣೆ ನ್ಯಾಯವೇ ಎಂದು ನಮ್ಮ ಕುಟುಂಬಗಳು ವಿಚಾರ ಮಾಡಬೇಕಾಗಿದೆ.

ಗರ್ಭಿಣಿ ಮಿತವಾಗಿ ಉಣ್ಣಬೇಕೆಂಬ ನಂಬಿಕೆ ನಮ್ಮ ಕರಾವಳಿಗೆ ಹೊಸತಲ್ಲ. ಮಾನವಶಾಸ್ತ್ರಜ್ಞರಾದ ಮಾರ್ಕ್ ಮತ್ತು ಮಿಮಿ ನಿಕ್ಟರ್ ದಂಪತಿ ದಕ್ಷಿಣ ಕನ್ನಡದಲ್ಲಿ ಅಧ್ಯಯನ ನಡೆಸಿ 1983ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ವಿವರವಿದೆ. ಹೊಟ್ಟೆಯೊಳಗೆ ಅನ್ನಕ್ಕೂ ಶಿಶುವಿಗೂ ಇರುವುದು ಒಂದೇ ಜಾಗ, ಅನ್ನ ಹೆಚ್ಚಾದರೆ ಶಿಶುವಿಗೆ ಜಾಗ ಸಾಲದು ಎಂಬ ಭಾವನೆ ಅನೇಕ ಮಹಿಳೆಯರಲ್ಲಿತ್ತು. ವೈದ್ಯರ ನೆರವು ದುರ್ಲಭವಾಗಿದ್ದ ಕಾಲದಲ್ಲಿ ಹೆರಿಗೆಯ ಭಯ ಸಹಜವೇ ಆಗಿತ್ತು. ಆದುದರಿಂದ ಹಿರಿಯರನ್ನು ಹಳಿಯಬೇಕಾಗಿಲ್ಲ. ಆದರೆ ಶಿಶು ಬೆಳೆಯುವುದು ಜಠರದಲ್ಲಲ್ಲ, ಗರ್ಭಕೋಶದಲ್ಲಿ. ತಾಯಿಗೆ ಆಹಾರ ಸಾಲದಾದರೆ ಶಿಶುವಿನ ಬೆಳವಣಿಗೆ ಕುಂಠಿತವಾಗುವ ಅಪಾಯವಿದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದಿಂದ ಹುಟ್ಟುವ ಮಗು ಸುಲಭವಾಗಿ ಸೋಂಕಿಗೆ ತುತ್ತಾಗುತ್ತದೆ.

ಗರ್ಭಿಣಿಯ ಮೈಯಲ್ಲಿ ಏರುವ ತೂಕವೆಲ್ಲ ಕೊಬ್ಬೂ ಅಲ್ಲ. ಮಗುವೇ ಸುಮಾರು ಮೂರು ಕಿಲೋ. ಮಾಸು, ಗರ್ಭಜಲ, ಹಿಗ್ಗಿದ ಗರ್ಭಕೋಶ, ಹೆಚ್ಚಿದ ರಕ್ತ ಇವೆಲ್ಲ ಸೇರಿ ಇನ್ನೂ ಕೆಲವು ಕಿಲೋಗಳಾಗುತ್ತವೆ. ಎದೆಹಾಲಿಗಾಗಿ ಶರೀರ ಕೂಡಿಡುವ ಸಂಗ್ರಹ ಬೇರೆ. ಹೀಗಾಗಿ ಸಾಧಾರಣ ಮೈಕಟ್ಟಿನವರಿಗೆ ಒಟ್ಟು 10ರಿಂದ 12 ಕಿಲೋ ಏರಿಕೆ ಇರಬೇಕೆಂದು ನಮ್ಮಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ. ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು 2009ರಲ್ಲಿ ನೀಡಿದ ಮಾರ್ಗಸೂಚಿ ತೀರಾ ತೆಳ್ಳಗಿರುವವರಿಗೆ 12.5ರಿಂದ 18 ಕಿಲೋ, ಸ್ಥೂಲಕಾಯರಿಗೆ 5ರಿಂದ 9 ಕಿಲೋ ಎನ್ನುತ್ತದೆ. ಎಲ್ಲರಿಗೂ ಒಂದೇ ಅಳತೆಯಲ್ಲ. ತನ್ನ ಗುರಿ ಯಾವುದೆಂದು ಪ್ರತಿಯೊಬ್ಬಳೂ ಮೊದಲ ತಪಾಸಣೆಯಲ್ಲೇ ಕೇಳಿ ತಿಳಿಯಬೇಕು.

“ಇಬ್ಬರ ಊಟ”ವೂ ಅಷ್ಟೇ ತಪ್ಪು. ಗರ್ಭಿಣಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದುದು ಸುಮಾರು 350 ಕ್ಯಾಲೊರಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು. ಒಂದು ಲೋಟ ಹಾಲು, ಒಂದು ಮೊಟ್ಟೆ, ಒಂದು ಬಾಳೆಹಣ್ಣು, ಸ್ವಲ್ಪ ನೆಲಗಡಲೆ ಸೇರಿದರೆ ಅಷ್ಟಾಯಿತು. ಬೇಕರಿ ತಿಂಡಿ, ಸಿಹಿ ಪಾನೀಯಗಳಿಂದ ಏರುವ ತೂಕ ಪೋಷಣೆಯಲ್ಲ. ಅದು ಸಕ್ಕರೆ ಕಾಯಿಲೆಗೂ ದಾರಿಯಾಗಬಲ್ಲದು. ಹಾಗೆಂದು ತೂಕ ಹೆಚ್ಚಿರುವವಳು ಉಪವಾಸ ಬೀಳುವುದೂ ಸಲ್ಲದು.

ಉಪವಾಸದ ಮಾತು ಬಂದುದರಿಂದ ಒಂದು ವಿಷಯ. ತಪಸ್ಸುಕಾಲದಲ್ಲಿ ಕೆಲವು ಗರ್ಭಿಣಿಯರು ಭಕ್ತಿಯಿಂದ ಊಟ ಬಿಡುವುದುಂಟು. ಗರ್ಭಿಣಿಯರಿಗೂ ಮೊಲೆಯೂಡಿಸುವ ತಾಯಂದಿರಿಗೂ ಉಪವಾಸದ ಕಡ್ಡಾಯವಿಲ್ಲವೆಂಬುದು ಧರ್ಮಸಭೆಯಲ್ಲಿ ಹಿಂದಿನಿಂದಲೂ ಬಂದ ರೂಢಿ. ಇದನ್ನು ಮನೆಯ ಹಿರಿಯರೇ ಆಕೆಗೆ ತಿಳಿಸಿ ಹೇಳಿದರೆ ಅವಳ ಮನಸ್ಸಿನ ಅಳುಕು ಹೋಗುತ್ತದೆ.

ಆದರೆ ನಮ್ಮ ಅನೇಕ ಮನೆಗಳಲ್ಲಿ ತಪಸ್ಸುಕಾಲವಿಲ್ಲದೆಯೂ ಸೊಸೆಗೆ ಅರೆ ಉಪವಾಸ. ಬಂಗುಡೆಯ ತುಂಡುಗಳು ಗಂಡಸರಿಗೂ ಮಕ್ಕಳಿಗೂ ಮುಗಿದ ಮೇಲೆ ಕೊನೆಗೆ ಕುಳಿತವಳ ಬಟ್ಟಲಿಗೆ ಉಳಿಯುವುದು ಗಂಜಿ ಮತ್ತು ಸಾರಿನ ತಳ. ಯಾರೂ ಕೆಟ್ಟ ಬುದ್ಧಿಯಿಂದ ಹೀಗೆ ಮಾಡುವುದಿಲ್ಲ. ಯಾರೂ ಗಮನಿಸುವುದಿಲ್ಲ, ಅಷ್ಟೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣಾಂಶದ ಮಾತ್ರೆ ಕೊಟ್ಟರಷ್ಟೇ ಸಾಲದು. ಆಕೆ ಅದನ್ನು ನಿತ್ಯ ನುಂಗುವಳೇ, ಊಟವಾದೊಡನೆ ಚಹಾ ಕುಡಿದು ಅದರ ಫಲ ಕುಗ್ಗಿಸುವಳೇ ಎಂದು ನೋಡುವವರು ಮನೆಯಲ್ಲಿರಬೇಕು.

ಕರ್ನಾಟಕ ಸರಕಾರ 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯ ಮೂಲಕ ಮಧ್ಯಾಹ್ನದ ಬಿಸಿಯೂಟ ಒದಗಿಸುವ ಉದ್ದೇಶದ್ದು. ಅಂಗನವಾಡಿಯಲ್ಲಿ ಉಣ್ಣುವುದು ಮನೆತನದ ಮರ್ಯಾದೆಗೆ ಕುಂದೆಂದು ತಡೆಯುವವರಿದ್ದಾರೆ. ಅನ್ನದ ಮುಂದೆ ಈ ಅಂತಸ್ತಿನ ಲೆಕ್ಕ ಏಕೆ?

ನನ್ನ ಅಭಿಪ್ರಾಯದಲ್ಲಿ ಮಾಡಬೇಕಾದುದು ಸರಳ. ಗಂಡನಾದವನು ತಪಾಸಣೆಗೆ ಜೊತೆಯಲ್ಲಿ ಹೋಗಲಿ. ತಾಯಿ ಕಾರ್ಡಿನಲ್ಲಿ ಬರೆದ ತೂಕವನ್ನು ತಾನೂ ಓದಲಿ. ಅತ್ತೆಯವರು ಸೊಸೆಯನ್ನು ತಮ್ಮೊಡನೆಯೇ ಊಟಕ್ಕೆ ಕೂರಿಸಿಕೊಳ್ಳಲಿ. ವೈದ್ಯರೂ ದಾದಿಯರೂ ಗದರಿಸುವುದಕ್ಕೆ ಮುಂಚೆ “ನಿನ್ನೆ ಏನು ಉಂಡೆ, ಯಾವಾಗ ಉಂಡೆ?” ಎಂದು ವಿಚಾರಿಸಲಿ. ಯಂತ್ರದ ಮೇಲೆ ನಿಲ್ಲುವವಳು ಒಬ್ಬಳೇ ಆದರೂ ಅದರ ಮುಳ್ಳು ತೋರಿಸುವುದು ಇಡೀ ಮನೆಯ ನಡವಳಿಕೆಯನ್ನು.